ಎಲೆತೋಟಕ್ಕೊಂದು ಜೊತೆ ಮೆಟ್ಟು

ವಾರ್ಡಿನಲ್ಲಿ ಕೆಲಸ ಮಾಡುವ ನರ್ಸಿಗೆ ಗಾಯದ ಅರ್ಧ ಕಥೆಯಷ್ಟೇ ಗೊತ್ತಿರುತ್ತದೆ. ಚಾಮರಾಜನಗರದ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ನಾನು ತೊಳೆದು ಕಟ್ಟಿದ ಗಾಯಗಳಿಗೆ ಲೆಕ್ಕವಿಲ್ಲ. ಹುಣ್ಣು ಕೆಂಪಗಾಗಿ ಹೊಸ ಮಾಂಸ ಬರತೊಡಗಿತು ಅನ್ನುವಷ್ಟರಲ್ಲಿ ರೋಗಿಯನ್ನು ಮನೆಗೆ ಕಳಿಸಿಬಿಡುತ್ತಿದ್ದರು. ಆಮೇಲೆ ಅದು ಮುಚ್ಚಿತೋ ಕೊಳೆಯಿತೋ ನನಗೆ ತಿಳಿಯುತ್ತಲೇ ಇರಲಿಲ್ಲ. ಒಂದೇ ಒಂದು ಗಾಯವನ್ನಾದರೂ ಮೊದಲಿನಿಂದ ಕೊನೆಯವರೆಗೆ ನಾನೇ ನೋಡಬೇಕು, ಮುಚ್ಚಿಕೊಂಡ ಚರ್ಮದ ಮೇಲೆ ಬೆರಳಾಡಿಸಬೇಕು ಎಂದು ನನಗೆ ಬಲು ಆಸೆಯಿತ್ತು. ಹೇಳಿಕೊಂಡರೆ ಜೊತೆಯವರು ನಗುತ್ತಿದ್ದರು. "ನಿಂಗೆ ಸೀರೆ ಒಡವೆ ಆಸೆ ಯಾವುದೂ ಇಲ್ವೇನೇ?" ಅನ್ನುತ್ತಿದ್ದರು.

ಆ ಆಸೆಯೇ ನನ್ನನ್ನು ಸಮುದಾಯ ಆರೋಗ್ಯ ಅಧಿಕಾರಿಯ ತರಬೇತಿಗೆ ನೂಕಿ, ಗುಂಡ್ಲುಪೇಟೆ ಕಡೆಯ ಬೇಗೂರಿನ ಆಚೆಯ ಒಂದು ಹಳ್ಳಿಯ ಉಪಕೇಂದ್ರಕ್ಕೆ ತಂದು ಕೂರಿಸಿತು. ಹೆಸರೇನೋ ದೊಡ್ಡದು. ಕೆಲಸ ಇಷ್ಟು: ಡಾಕ್ಟರಿಲ್ಲದ ಊರಿನಲ್ಲಿ ನರ್ಸೇ ರೋಗಿಯನ್ನು ನೋಡುವುದು, ಪರೀಕ್ಷೆ ಮಾಡುವುದು, ಕೆಲವು ಔಷಧಿಗಳನ್ನು ತಾನೇ ಕೊಡುವುದು, ತನ್ನ ಕೈಮೀರಿದ್ದನ್ನು ಫೋನಿನಲ್ಲಿ ಡಾಕ್ಟರಿಗೆ ಕೇಳುವುದು, ಇಲ್ಲವೇ ದೊಡ್ಡಾಸ್ಪತ್ರೆಗೆ ಕಳಿಸುವುದು. ಹೊರದೇಶಗಳಲ್ಲಿ ಹೆಚ್ಚುಕಮ್ಮಿ ಇಂಥದೇ ಕೆಲಸ ಮಾಡುವವರನ್ನು ನರ್ಸ್ ಪ್ರಾಕ್ಟೀಷನರ್ ಅನ್ನುತ್ತಾರಂತೆ. ನಮ್ಮ ಹಳ್ಳಿಯಲ್ಲಿ ಬೇಕಾದ್ದಿದ್ದಾಗ ನಾನು ಡಾಕ್ಟ್ರಮ್ಮ, ಬೇಡದ ಮಾತು ಹೇಳಿದಾಗ ಬರೀ ನರ್ಸಮ್ಮ.

ಎಲೆತೋಟದ ಯಜಮಾನರು ಬಂದದ್ದು ಸಕ್ಕರೆ ಕಾಯಿಲೆಯ ಮಾತ್ರೆಗೆ. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ತೊಳೆದ ಬಿಳಿ ಪಂಚೆ. ಊರಾಚೆಯ ಬಾವಿಯ ಪಕ್ಕ ನಾಲ್ಕಾರು ಮನೆಯವರು ಕೂಡಿ ಮಾಡಿದ ವೀಳ್ಯದೆಲೆ ತೋಟದಲ್ಲಿ ದೊಡ್ಡ ಪಾಲು ಅವರದು. ಮಾತ್ರೆ ತೆಗೆದುಕೊಂಡು ಎದ್ದು ಹೊರಟರು. ಅವರು ನಡೆದ ಕಡೆ ಸಿಮೆಂಟು ನೆಲದ ಮೇಲೆ ಒಂದೊಂದು ಒದ್ದೆ ಗುರುತು ಬೀಳುತ್ತಿತ್ತು. ನಾನು ಕರೆದು ಕೂರಿಸಿ ಪಾದ ಎತ್ತಿಸಿದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ಹಳೇ ಎಂಟಾಣೆಯಗಲದ ಹುಣ್ಣು. ಸುತ್ತ ಆಣಿ ಕಟ್ಟಿದ ಗಟ್ಟಿ ಚರ್ಮ.

"ನೋವಿಲ್ವಾ ಯಜಮಾನ್ರೆ?"

"ನೋವಾ? ಎಲ್ಲವ್ವ? ಒಸಿ ನೀರಾಡ್ತದೆ ಅಷ್ಟೆಯ."

ಪಾದದ ಸ್ಪರ್ಶ ಎಷ್ಟು ಉಳಿದಿದೆಯೆಂದು ನೋಡಲು ನಮ್ಮಲ್ಲಿ ಒಂದು ನೈಲಾನ್ ಎಳೆ ಇರುತ್ತದೆ. ಅದನ್ನು ಚರ್ಮಕ್ಕೆ ಒತ್ತಿದರೆ ಬಾಗುತ್ತದೆ, ಬಾಗಿದಾಗ ರೋಗಿಗೆ ಗೊತ್ತಾಗಬೇಕು. ಅವರಿಗೆ ಕಣ್ಣು ಮುಚ್ಚಿಸಿ, ಮುಟ್ಟಿದಾಗೆಲ್ಲ ಹೂಂ ಅನ್ನಿ ಎಂದೆ. ಹೆಬ್ಬೆರಳ ತುದಿ, ಬೆರಳುಗಳ ಬುಡ, ಪಾದದ ಅಂಚು, ಹಿಮ್ಮಡಿ ಎಲ್ಲ ಕಡೆ ಒತ್ತುತ್ತಾ ಹೋದೆ. ಯಜಮಾನರು ಕಣ್ಣು ಮುಚ್ಚಿಕೊಂಡು ಕಾಯುತ್ತಾ ಕೂತಿದ್ದರು. ಕೊನೆಗೆ ಬೇಜಾರಾಗಿ, "ಮುಟ್ಟವ್ವ, ಯಾಕ ಸುಮ್ಕಿದ್ದೀಯೆ?" ಅಂದರು.

ನಾನು ಎಳೆಯನ್ನು ಕೆಳಗಿಟ್ಟೆ. ಮುಟ್ಟಿ ಮುಗಿಸಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಅವರೇ ಕಣ್ಣು ತೆರೆದು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು.

"ಅಂಗಾರೆ ಸರಿ ಬುಡು. ಬಾಳ ದಿಸದಿಂದ ತ್ವಾಟದ ತಂಪೇ ಗೊತ್ತಾಯ್ತಿರ್ನಿಲ್ಲ. ವಯಸ್ಸಾಯ್ತಲ್ಲ, ಅದ್ಕೇ ಇರ್ಬೇಕು ಅಂದ್ಕಂಡಿದ್ದೆ," ಅಂದರು.

ಕಾಲಿನ ರಕ್ತನಾಳ ಚೆನ್ನಾಗಿ ಮಿಡಿಯುತ್ತಿತ್ತು. ಹುಣ್ಣಿನೊಳಕ್ಕೆ ತೆಳು ಸಲಾಕೆ ಹಾಕಿ ನೋಡಿದಾಗ ಎಲುಬು ತಾಗಲಿಲ್ಲ. ಆದರೂ ಎಕ್ಸರೇಗೆ ಚಾಮರಾಜನಗರಕ್ಕೆ ಕಳಿಸಿದೆ. ನನ್ನ ಹಳೆಯ ವಾರ್ಡಿನ ಶಸ್ತ್ರವೈದ್ಯರೇ ನೋಡಿದರು. ಸೋಂಕು ಎಲುಬಿಗೆ ಇನ್ನೂ ಇಳಿದಿಲ್ಲ, ಇಳಿದರೆ ಹೆಬ್ಬೆರಳ ಜೊತೆ ಮುಂಪಾದದ ಒಂದು ಭಾಗವೂ ಹೋಗುತ್ತದೆ, ಭಾರ ಬೀಳದ ಹಾಗೆ ನೋಡಿಕೊಳ್ಳಿ ಎಂದು ಫೋನಿನಲ್ಲಿ ಹೇಳಿದರು. "ಔಷಧಿ ಏನಿದ್ದರೂ ಆಮೇಲಿನದು. ಆ ಜಾಗದ ಮೇಲೆ ನಡೆದರೆ ಅದು ಮುಚ್ಚೋದಿಲ್ಲ ಕಣಮ್ಮ. ನಿಮ್ಮ ಕೈಲಿದೆ."

ನನ್ನ ಕೈಲಿದೆ ಅಂದದ್ದೇ ತಡ, ನನ್ನೊಳಗಿನ ಹಳೇ ಆಸೆ ಎದ್ದು ಕೂತಿತು. ಈ ಗಾಯವನ್ನು ನಾನು ಮುಚ್ಚಿಸಿಯೇ ಬಿಡುತ್ತೇನೆ ಅಂದುಕೊಂಡೆ.

ದಿನ ಬಿಟ್ಟು ದಿನ ಅವರ ಮನೆಗೆ ಹೋಗತೊಡಗಿದೆ. ಸಲೈನಿನಲ್ಲಿ ಹುಣ್ಣು ತೊಳೆಯುವುದು, ಅಂಚಿನ ಸತ್ತ ಚರ್ಮವನ್ನು ಬ್ಲೇಡಿನಿಂದ ಪದರ ಪದರವಾಗಿ ಹೆರೆಯುವುದು, ಬ್ಯಾಂಡೇಜಿನ ತೆಳುಬಟ್ಟೆ ಇಡುವುದು, ಅದರ ಮೇಲೆ ನಡುವೆ ತೂತು ಕತ್ತರಿಸಿದ ದಪ್ಪ ಮೆತ್ತೆ ಅಂಟಿಸುವುದು. ಮೆತ್ತೆಯ ತೂತು ಹುಣ್ಣಿನ ನೇರಕ್ಕೆ ಬಂದರೆ ಭಾರವೆಲ್ಲ ಸುತ್ತ ಹಂಚಿಹೋಗುತ್ತದೆ. ಹೆರೆಯುವಾಗ ಯಜಮಾನರು ಬೇರೆಯವರ ಕಾಲು ನೋಡುವಂತೆ ಬಗ್ಗಿ ನೋಡುತ್ತಿದ್ದರು. "ಆಲೂಗೆಡ್ಡೆ ಸಿಪ್ಪೆ ತೆಗ್ದಂಗೆ ತೆಗೀತೀಯಲ್ಲವ್ವ," ಎಂದು ಹೆಂಡತಿಗೂ ತೋರಿಸುತ್ತಿದ್ದರು. ಆಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡುತ್ತಿದ್ದರು.

ಮೆತ್ತನೆ ರಬ್ಬರಿನ ಅಟ್ಟೆಯ ಚಪ್ಪಲಿಯನ್ನು ಜಿಲ್ಲೆಯ ಕುಷ್ಠರೋಗ ವಿಭಾಗದಿಂದ ತರಿಸಿಕೊಟ್ಟೆ. ಸಕ್ಕರೆ ಕಾಯಿಲೆಯವರಿಗೂ ಅದು ಒಳ್ಳೆಯದು. ಊರಿನವರು ಸುಮ್ಮನಿರುತ್ತಾರೆಯೇ. "ಏನಣ್ಣ, ಆ ರೋಗದೋರ ಮೆಟ್ಟು ಮೆಟ್ಕಂಡಿದ್ದೀಯಲ್ಲ," ಎಂದು ಹೋಟೆಲಿನ ಮುಂದೆ ಕೆಣಕಿದರಂತೆ. ಯಜಮಾನರು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯೊಳಗೂ ಹಾಕಿಕೊಳ್ಳಬೇಕು ಎಂದದ್ದಕ್ಕೆ ಮನೆಯಾಕೆ ನನ್ನ ಮೇಲೆ ಮುಖ ಉಬ್ಬಿಸಿಕೊಂಡರು. ಅದಕ್ಕೂ ಅವರೇ ಸಮಾಧಾನ ಹೇಳಿ ಒಪ್ಪಿಸಿದರು. ಹೋದಾಗೆಲ್ಲ ಕೇಳುತ್ತಿದ್ದೆ, "ಯಾವಾಗ್ಲೂ ಹಾಕ್ಕೊಂಡಿರ್ತೀರಾ?" ಅವರು ನನ್ನ ಕಣ್ಣು ನೋಡಿ, "ಯಾವಾಗ್ಲೂವೆ ಕಣವ್ವ," ಅನ್ನುತ್ತಿದ್ದರು. ಅಂಥ ರೋಗಿ ಸಿಕ್ಕಿದ್ದು ನನ್ನ ಪುಣ್ಯ ಎಂದು ನಾನು ಬೀಗುತ್ತಿದ್ದೆ.

ಹುಣ್ಣು ಮಾತ್ರ ಮುಚ್ಚಲಿಲ್ಲ. ಒಂದು ವಾರ ಚಿಕ್ಕದಾದಂತೆ ಕಂಡರೆ ಮುಂದಿನ ವಾರ ಅಂಚು ಬೆಳ್ಳಗೆ ಉಬ್ಬಿಕೊಂಡಿರುತ್ತಿತ್ತು, ಬಹಳ ಹೊತ್ತು ನೀರಿನಲ್ಲಿ ನೆಂದ ಬೆರಳ ಹಾಗೆ. ಸ್ನಾನದ ನೀರೆಂದು ಕಾಲಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಸಿದೆ. ಬ್ಯಾಂಡೇಜು ಬದಲಿಸಿದೆ. ಬೇಗೂರಿನ ಡಾಕ್ಟರನ್ನು ಕೇಳಿ ಸಕ್ಕರೆಯ ಮಾತ್ರೆ ಹೆಚ್ಚು ಮಾಡಿಸಿದೆ. ಸಕ್ಕರೆ ಹಿಡಿತಕ್ಕೆ ಬಂತು, ಹುಣ್ಣು ಇದ್ದಂತೆಯೇ ಇತ್ತು. ಮನೆಗೆ ಹೋಗಿ ಊಟ ಮಾಡುವಾಗಲೂ ಅದೇ ಯೋಚನೆ. ಎಲ್ಲಿ ತಪ್ಪುತ್ತಿದೆ ಎಂದು ತಲೆ ಕೆಡಿಸಿಕೊಂಡೆ.

ಒಂದು ದಿನ ಲಸಿಕೆ ಕೆಲಸ ಬೇಗ ಮುಗಿದು, ಎಂದಿನ ಹೊತ್ತಿಗಿಂತ ಮುಂಚೆ ಅವರ ಮನೆಗೆ ಹೋದೆ. "ತ್ವಾಟದಲ್ಲವ್ರೆ, ಕೂತ್ಕೊ, ಬತ್ತಾರೆ," ಅಂದರು ಮನೆಯಾಕೆ. ನನಗೆ ಕೂರುವ ವ್ಯವಧಾನ ಯಾವತ್ತೂ ಇಲ್ಲ. ಚೆಂಡುಹೂವಿನ ಹೊಲಗಳ ನಡುವಿನ ಬದುವಿನಲ್ಲಿ ನಡೆದುಹೋದೆ. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ತಲೆ ಮೋಡದೊಳಗಿತ್ತು. ಎಲೆತೋಟದ ಬಾಯಿಯಲ್ಲಿ, ಅಗಸೆ ಮರದ ಬುಡದಲ್ಲಿ, ನಾನು ಕೊಟ್ಟ ಚಪ್ಪಲಿಗಳು ಜೋಡಿಸಿ ಬಿಟ್ಟಿದ್ದವು.

ಅಲ್ಲೇ ನಿಂತು ನೋಡಿದೆ. ಒಳಗೆ ಸಾಲಿನಲ್ಲಿ ನೀರು ಹರಿಯುತ್ತಿತ್ತು. ಯಜಮಾನರು ನಾನು ಕಟ್ಟಿದ ಬಿಳೀ ಬ್ಯಾಂಡೇಜಿನ ಪಾದವನ್ನು ಕೆಸರಿನಲ್ಲಿ ಊರಿ, ಎಲೆಯ ಬಳ್ಳಿಯನ್ನು ಬಾಳೆಪಟ್ಟೆಯಿಂದ ಮರಕ್ಕೆ ಕಟ್ಟುತ್ತಿದ್ದರು. ಅಷ್ಟು ನೆಮ್ಮದಿಯಾಗಿ ಅವರು ಕಂಡದ್ದು ಅದೇ ಮೊದಲು.

"ಯಾವಾಗ್ಲೂ ಹಾಕ್ಕೋತೀನಿ ಅಂದ್ರಲ್ಲ," ಎಂದೆ.

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಊಂ ಕಣವ್ವ, ಆಕತೀನಿ. ಎಲೆತ್ವಾಟಕ್ಕೆ ಯಾರಾದ್ರೂ ಮೆಟ್ಟು ಮೆಟ್ಕಂಡು ಬಂದಾರ?"

ನಮ್ಮ ಕಡೆ ಎಲೆತೋಟವೆಂದರೆ ದೇವರ ಮನೆಯಷ್ಟೇ ಮಡಿ. ಚಪ್ಪಲಿ ಹಾಕಿ ಹೋದರೆ ಬಳ್ಳಿ ಒಣಗುತ್ತದೆ ಎಂಬ ನಂಬಿಕೆ. ಹೊರಗಾದ ಹೆಂಗಸರಿಗೆ ಪ್ರವೇಶವಿಲ್ಲ, ಯಾಕೆ ಬೇಕು ಉಸಾಬರಿ ಎಂದು ಉಳಿದ ದಿನವೂ ಹೆಂಗಸರು ಅತ್ತ ಸುಳಿಯುವುದಿಲ್ಲ. ಇದು ಯಾರೂ ಯಾರಿಗೂ ಹೇಳಿಕೊಡುವ ವಿಷಯವಲ್ಲ. ನನಗೂ ಗೊತ್ತಿದ್ದದ್ದೇ, ಹೊಳೆದಿರಲಿಲ್ಲ ಅಷ್ಟೆ. ಅವರು ಸುಳ್ಳು ಹೇಳಿರಲಿಲ್ಲ. ಚಪ್ಪಲಿ ಹಾಕುವ ಜಾಗಗಳಲ್ಲೆಲ್ಲ ಹಾಕಿದ್ದರು.

ನಾನು ಸಿಟ್ಟಿನಲ್ಲಿ ತೋಟಕ್ಕೆ ಹೋಗುವುದೇ ಬೇಡ ಎಂದು ಕಟ್ಟಪ್ಪಣೆ ಮಾಡಿದೆ. ಕಾಲು ಬೇಕೋ ತೋಟ ಬೇಕೋ ಎಂದೂ ಕೇಳಿಬಿಟ್ಟೆ. ಅವರು ಮರುಮಾತಾಡದೆ ಪಾಲಿಸಿದರು. ತೋಟದ ಕೆಲಸಕ್ಕೆ ತಮ್ಮನ ಮಗನನ್ನು ಹಚ್ಚಿ, ತಾವು ದಿನವೂ ಬದುವಿನ ಕಲ್ಲಿನ ಮೇಲೆ ಕೂತು ಒಳಗೆ ನೋಡುತ್ತಿದ್ದರು. ಹುಣ್ಣಿನ ಅಂಚು ಒಣಗಿತು, ಆಳ ಕಡಿಮೆಯಾಯಿತು. ನನ್ನ ಕಡೆಯಿಂದ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಅವರ ಕಡೆಯಿಂದ ಮಾತು ನಿಂತಿತು. ಆಲೂಗೆಡ್ಡೆಯ ತಮಾಷೆಯೂ ಇಲ್ಲ.

"ಊಟನೂ ನೆಟ್ಟಗೆ ಮಾಡ್ತಿಲ್ಲ ಕಣವ್ವ," ಅಂದರು ಮನೆಯಾಕೆ. "ಎಲೆ ತಂದ್ಕೊಟ್ರೆ ಮೂಸಿ ನೋಡಿ ಅಂಗೇ ಮಡಗ್ತಾರೆ."

ಒಂದು ಮಧ್ಯಾಹ್ನ ಬದುವಿನ ಮೇಲೆಯೇ ಕೂತು ಡ್ರೆಸಿಂಗ್ ಮಾಡಿದೆ. ಏನಾದರೂ ಮಾತಾಡಿ ಎಂದು ನಾನೇ ಗೋಗರೆದೆ. ಅವರು ತೋಟದ ಕಡೆ ನೋಡುತ್ತಲೇ ಹೇಳಿದರು, "ರಾತ್ರಿ ಹೊತ್ತು ಬಂಡೀಪುರದ ಗೇಟ್ ತಾವ ಲಾರಿಗೋಳು ನಿಂತಿರ್ತವಲ್ಲ, ಅಂಗಾಗದೆ ನನ್ ಕತೆ. ಅವುಕ್ಕಾದ್ರೆ ಬೆಳಿಗ್ಗೆ ಬುಡ್ತಾರೆ."

ಆಮೇಲೆ ಒಂದು ಸಂಜೆ ಭಾರಿ ಗಾಳಿ ಎದ್ದು ಬಳ್ಳಿಗಳು ಸಾಲು ಸಾಲಾಗಿ ಮರ ಬಿಟ್ಟು ಕೆಳಗೆ ಬಿದ್ದವು. ಬೆಳಿಗ್ಗೆ ತಮ್ಮನ ಮಗ ಊರಲ್ಲಿರಲಿಲ್ಲ. ಬಿದ್ದ ಬಳ್ಳಿ ಬಿಸಿಲೇರುವುದರೊಳಗೆ ಎತ್ತಿ ಕಟ್ಟದಿದ್ದರೆ ಬಾಡಿಹೋಗುತ್ತದೆ. ಯಜಮಾನರು ಮೆಟ್ಟು ಬಿಟ್ಟು ಒಳಗೆ ಹೋದರು, ಮಧ್ಯಾಹ್ನದವರೆಗೂ ಕಟ್ಟಿದರು. ನಾನು ಮತ್ತೆ ಹೋದ ದಿನ ಪಾದ ಊದಿ ಕೆಂಪಗಾಗಿತ್ತು. ಮೈ ಸುಡುತ್ತಿತ್ತು. ಹುಣ್ಣಿನ ಸುತ್ತ ಒತ್ತಿದರೆ ಕೀವು. ಆಂಬುಲೆನ್ಸಿಗೆ ಫೋನು ಮಾಡಿ, ನಾನೇ ಜೊತೆಗೆ ಕೂತು ಚಾಮರಾಜನಗರಕ್ಕೆ ಕರೆದೊಯ್ದೆ.

ಶಸ್ತ್ರವೈದ್ಯರು ಕೀವು ತೆಗೆದು, ರಕ್ತನಾಳಕ್ಕೆ ಔಷಧಿ ಏರಿಸಿ, ನನ್ನನ್ನು ಹೊರಗೆ ಕರೆದರು. "ಎಲುಬು ಇನ್ನೂ ಉಳಿದಿದೆ. ಇನ್ನೊಂದು ಸಲ ಹೀಗಾದರೆ ಉಳಿಯೋದಿಲ್ಲ. ಈಗಲೇ ಬೆರಳು ತೆಗೆದರೂ ತಪ್ಪಲ್ಲ, ಹೇಳಿ."

ಅವರು ಹೇಳಿ ಅಂದದ್ದು ನನಗೆ. ವಾರ್ಡಿನಲ್ಲಿದ್ದಾಗ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸ್ವಲ್ಪ ಸಮಯ ಕೊಡಿ ಸರ್ ಅಂದೆ. ಊತ, ಜ್ವರ, ಕೆಂಪು ಗೆರೆ ಯಾವುದು ಕಂಡರೂ ಅದೇ ದಿನ ಕರೆತರುತ್ತೇನೆ ಎಂದು ಮಾತು ಕೊಟ್ಟೆ.

ಒಳಗೆ ಹೋದರೆ ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. "ಬೆರ್ಳ್ ಓದ್ರೆ ಓಗ್ಲಿ ಬುಡವ್ವ. ತ್ವಾಟಕ್ಕೆ ಬುಟ್ರೆ ಸಾಕು," ಅಂದರು.

ಬೆರಳು ಹೋದರೆ ಭಾರ ಬೇರೆ ಕಡೆ ಬೀಳುತ್ತದೆ, ಅಲ್ಲಿ ಇನ್ನೊಂದು ಹುಣ್ಣು, ಆಮೇಲೆ ಪಾದ, ಆಮೇಲೆ ಕಾಲು. ಇದನ್ನೆಲ್ಲ ಬಾಯಿಬಿಟ್ಟು ಹೇಳಬೇಕೆಂದಿದ್ದೆ. ಅವರ ಮುಖ ನೋಡಿ ಬೇರೆ ಮಾತು ಬಂತು. ಈ ಮನುಷ್ಯ ತೋಟಕ್ಕೆ ಹೋಗದೆ ಇರುವುದಿಲ್ಲ. ಅಂದಮೇಲೆ ಬರಿಗಾಲಲ್ಲಿ ಹೋಗದ ಹಾಗೆ ಮಾಡಬೇಕು. ಕುರ್ಚಿ ಎಳೆದುಕೊಂಡು ಕೂತು ಕೇಳಿದೆ, "ಯಜಮಾನ್ರೆ, ಸರಿಯಾಗಿ ಹೇಳಿ. ತೋಟದೊಳಕ್ಕೆ ಏನು ಬರಬಾರದು?"

"ಮೆಟ್ಟು."

"ಮೆಟ್ಟು ಅಂದ್ರೆ? ಚರ್ಮವಾ, ಬೀದಿ ಕೊಳೆಯಾ?"

ಅವರು ಯೋಚನೆ ಮಾಡಿದರು. "ಚರ್ಮನೂ ಬರ್ಬಾರ್ದು. ಬೀದಿ ತುಳ್ದದ್ದೂ ಬರ್ಬಾರ್ದು."

"ಚರ್ಮ ಇಲ್ಲ. ಬೀದಿ ಕಂಡೇ ಇಲ್ಲ. ಹುಟ್ಟಿದಾಗಿಂದ ತೋಟ ಬಿಟ್ಟು ಆಚೆ ಕಾಲೇ ಇಟ್ಟಿಲ್ಲ. ಅಂಥದ್ದು?"

ಯಜಮಾನರು ನನ್ನ ಕಡೆ ತಿರುಗಿದರು. "ಅದ ನಾನೊಬ್ನೇ ಯೋಳಕಾಗಕಿಲ್ಲ ಕಣವ್ವ. ತ್ವಾಟದೋರ್ನೆಲ್ಲ ಕೇಳ್ಬೇಕು," ಅಂದರು. ಬೇಡ ಅನ್ನಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ತೋಟದ ಪಾಲುದಾರರು ಬಾವಿಯ ಕಟ್ಟೆಯ ಮೇಲೆ ಸೇರಿದರು. ನಾನು ಬದುವಿನಾಚೆ ನಿಂತುಕೊಂಡೆ. ಒಬ್ಬರು, ಇವತ್ತು ಇವನಿಗೆ ಬಿಟ್ಟರೆ ನಾಳೆ ಎಲ್ಲರೂ ಬೂಟು ಹಾಕಿಕೊಂಡು ಬರುತ್ತಾರೆ ಎಂದರು. ಇನ್ನೊಬ್ಬರು ಬಳ್ಳಿ ಒಣಗಿದರೆ ನರ್ಸಮ್ಮ ಕಟ್ಟಿಕೊಡುತ್ತಾಳೆಯೇ ಎಂದರು. ಕೊನೆಗೆ ಅವರಲ್ಲೇ ಹಿರಿಯರೊಬ್ಬರು ತೀರ್ಮಾನ ಹೇಳಿದರು: "ಒಸಾದಾಗಿರ್ಬೇಕು. ಬಟ್ಟೇಲಿ ಮಾಡ್ಸಿ. ಪೂಜೆ ಮಾಡಿ ಒಳೀಕ್ ತತ್ತೀವಿ, ಒಳಗೇ ಇರ್ಬೇಕು. ಕಾಲಿಲ್ದೆ ಅಂವ ತ್ವಾಟ ಎಂಗ್ ಮಾಡಾನು?"

ಬಟ್ಟೆಯೇನೋ ಸರಿ. ನೀರು ಹರಿಯುವ ಸಾಲಿನಲ್ಲಿ ಬಟ್ಟೆ ನೆನೆದರೆ ಮತ್ತೆ ಅದೇ ಕಥೆ. ಗುಂಡ್ಲುಪೇಟೆಯಲ್ಲಿ ಹಾಸಿಗೆ, ಸೀಟು ಹೊಲಿಯುವ ಒಬ್ಬರು ಸಾಬರಿದ್ದರು. ಬಸ್ಸಿನ ಸೀಟಿನಿಂದ ಮದುವೆ ಹಾಸಿಗೆಯವರೆಗೆ ಅವರ ಕೈಯಲ್ಲಿ ಆಗದ್ದಿಲ್ಲ. ಹಳೇ ಪೇಪರಿನ ಮೇಲೆ ಯಜಮಾನರ ಪಾದ ಇಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಅವರ ಅಂಗಡಿಗೆ ಹೋದೆ. ಅವರು ಎಲ್ಲ ಕೇಳಿಕೊಂಡು, ಒಳಗಿದ್ದ ಹೆಂಡತಿಗೆ ಉರ್ದುವಿನಲ್ಲಿ ಏನೋ ಹೇಳಿ ಚಹಾ ತರಿಸಿದರು.

"ತಳಕ್ಕೆ ರಬ್ಬರ್ ಬೇಕಲ್ಲ ಮೇಡಂ. ಟಯರ್ ಹಾಕಿದ್ರೆ?"

"ಟಯರು ಬೀದಿ ತುಳಿಯೋದು. ಅವರು ಒಪ್ಪಲ್ಲ."

ಅವರು ಗಡ್ಡ ಕೆರೆದುಕೊಂಡರು. "ಟ್ಯೂಬ್? ಟ್ಯೂಬ್ ಟಯರ್ ಒಳ್ಗಿರೋದು, ಬೀದಿ ಎಲ್ಲಿ ನೋಡ್ತೈತೆ? ನಾನು ಹೊಸದೇ ತರ್ತೀನಿ ಬಿಡಿ. ಪೂಜೆ ಮಾಡೋ ಸಾಮಾನು ಅಂತೀರಿ, ಹಳೇದು ಯಾಕೆ?"

ಮೊದಲ ಜೊತೆ ಚೆಂದವಾಗಿತ್ತು, ಕೆಲಸಕ್ಕೆ ಬರಲಿಲ್ಲ. ಮನೆಯ ಜಗಲಿಯಲ್ಲಿ ಹೊಸ ಚಾಪೆ ಹಾಸಿ, ಅದರ ಮೇಲೆ ಸ್ವಲ್ಪ ಹೊತ್ತು ನಡೆಸಿ ಬಿಚ್ಚಿ ನೋಡಿದೆ. ಕಿರುಬೆರಳ ಪಕ್ಕ ಹೊಲಿಗೆ ಒತ್ತಿ ಕೆಂಪು ಗೆರೆ ಮೂಡಿತ್ತು. ಸ್ಪರ್ಶವಿದ್ದವರಾದರೆ ಚುಚ್ಚುತ್ತದೆ ಅನ್ನುತ್ತಿದ್ದರು. ಇವರು ಬಲು ಹಿತವಾಗಿದೆ ಅಂದರು. ಸಾಬರು ಬೇಸರಪಡದೆ ಹೊಲಿಗೆಯನ್ನೆಲ್ಲ ಹೊರಮೈಗೆ ತಂದು ಇನ್ನೊಂದು ಜೊತೆ ಹೊಲಿದರು: ಒಳಗೆ ದಪ್ಪ ಮೆತ್ತೆ, ಹುಣ್ಣಿನ ನೇರಕ್ಕೆ ಗುಳಿ, ಮೇಲೆ ಎರಡು ಪದರ ಕ್ಯಾನ್ವಾಸು, ತಳಕ್ಕೂ ಸುತ್ತಲೂ ಟ್ಯೂಬಿನ ರಬ್ಬರು. ಇದರಲ್ಲಿ ಕೆಂಪು ಗೆರೆ ಬರಲಿಲ್ಲ.

ವಿಭೂತಿ ಹಚ್ಚಿಸಿಕೊಂಡು, ಹೂವು ಏರಿಸಿಕೊಂಡು, ತಟ್ಟೆಯಲ್ಲಿ ಕೂತು ಆ ಮೆಟ್ಟು ತೋಟದೊಳಕ್ಕೆ ಹೋಯಿತು. ಕೆರ ತಟ್ಟೆಯಲ್ಲಿ ಮೆರವಣಿಗೆ ಹೊರಟಿತು ಎಂದು ನಾನು ತಮಾಷೆ ಮಾಡಲು ಹೋಗಿ, ಯಜಮಾನರ ಕಣ್ಣು ಒದ್ದೆಯಾಗಿರುವುದನ್ನು ಕಂಡು ಬಾಯಿ ಮುಚ್ಚಿಕೊಂಡೆ. ಮೊದಮೊದಲು ಸ್ವಲ್ಪ ಹೊತ್ತು ಮಾತ್ರ, ನೀರು ಬಿಡದ ದಿನ ಮಾತ್ರ. ಹೊರಬಂದ ಕೂಡಲೇ ಮನೆಯಾಕೆ ಪಾದ ಒರೆಸಿ, ಅಂಗಾಲು ನೋಡಿ ನನಗೆ ಫೋನು ಮಾಡುತ್ತಿದ್ದರು. ಮೊದಲು ಸೆರಗು ಬಾಯಿಗಿಟ್ಟು ಓಡುತ್ತಿದ್ದವರು ಈಗ, "ಅಂಚು ರೋಜಾ ಬಣ್ಣ ಅದೆ ಕಣವ್ವ, ವಾಸನೆ ಇಲ್ಲ," ಎಂದು ಡ್ಯೂಟಿ ನರ್ಸಿನಂತೆ ಹೇಳುತ್ತಿದ್ದರು. ಹುಣ್ಣು ಎಂಟಾಣೆಯಿಂದ ಹೆಸರುಕಾಳಿಗೆ ಇಳಿಯಿತು. ಯಜಮಾನರ ಬಾಯಿಗೆ ಮಾತೂ ತಮಾಷೆಯೂ ವಾಪಸು ಬಂದವು.

ಅಷ್ಟರಲ್ಲಿ ನನಗೆ ಚಾಮರಾಜನಗರದ ಕಡೆಗೆ ವರ್ಗವಾಯಿತು. ಈ ಗಾಯದ ಕೊನೆಯೂ ನನಗೆ ಸಿಗುವುದಿಲ್ಲ ಎಂದು ಸಂಕಟವಾಯಿತು. ನನ್ನ ಜಾಗಕ್ಕೆ ಬಂದ ಹೊಸಬಳಿಗೆ ಎಲ್ಲ ತೋರಿಸಿಕೊಟ್ಟು ಹೊರಟೆ. ಹೊಸ ಜಾಗದಲ್ಲಿ ಯಾರದೋ ಪಾದ ಎತ್ತಿ ನೋಡುವಾಗೆಲ್ಲ ಆ ಪಾದದ ನೆನಪು. ಮನೆಯಲ್ಲಿ ಎಲೆ ಅಡಿಕೆ ತಟ್ಟೆ ಕಂಡರೂ ಅದೇ ನೆನಪು.

ಒಂದು ಭಾನುವಾರ ಯಜಮಾನರೇ ಫೋನು ಮಾಡಿದರು. "ಬಂದ್ ಓಗವ್ವ," ಅಂದರು, ಅಷ್ಟೇ.

ಹೋದೆ. ಜಗಲಿಯ ಮೇಲೆ ಕೂತು ಅವರ ಬಲಗಾಲನ್ನು ಮಡಿಲಿಗೆ ಎತ್ತಿಕೊಂಡೆ. ಹುಣ್ಣಿದ್ದ ಕಡೆ ಹೊಸ ಚರ್ಮ, ಹೊಳೆಯುತ್ತಾ, ತೆಳ್ಳಗೆ. ಬೆರಳಾಡಿಸಿದೆ. ಎಷ್ಟೋ ವರ್ಷಗಳಿಂದ ಆಸೆಪಟ್ಟದ್ದು ಸಿಕ್ಕಿತ್ತು. ಅಳು ಬಂತು, ಅತ್ತೆ. ನಾನು ಬೆರಳಾಡಿಸುವುದನ್ನು ಯಜಮಾನರು ನೋಡುತ್ತಿದ್ದರೇ ಹೊರತು ಅವರಿಗೆ ಗೊತ್ತಾಗುತ್ತಿರಲಿಲ್ಲ. ಸತ್ತ ನರ ಮತ್ತೆ ಬರುವುದಿಲ್ಲ. ಅದನ್ನು ನಾನು ಮೊದಲೇ ಹೇಳಿದ್ದೆ.

"ನಡಿ, ತ್ವಾಟಕ್ಕೋಗನ," ಅಂದರು.

ನಾನು ಮನೆಯಾಕೆಯ ಮುಖ ನೋಡಿದೆ. ಆಕೆ ಹತ್ತಿರ ಬಂದು ಮೆಲ್ಲಗೆ, "ಒರ್ಗಾಗಿಲ್ಲ ತಾನೆ?" ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಆ ಪ್ರಶ್ನೆಗೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ಅವತ್ತು ಬರಲಿಲ್ಲ. ಇಲ್ಲ ಅಂದೆ.

ಅಗಸೆ ಮರದ ಬುಡದಲ್ಲಿ ನನ್ನ ಚಪ್ಪಲಿ ಬಿಟ್ಟೆ. ಯಜಮಾನರು ಬೀದಿಯ ಮೆಟ್ಟು ಬಿಟ್ಟು, ಒಳಗಿನ ಕಲ್ಲಿನ ಮೇಲೆ ಕೂತು ತೋಟದ ಮೆಟ್ಟು ಹಾಕಿಕೊಂಡರು. ಒಳಗೆ ಹಸಿರು ಕತ್ತಲೆ, ಎಲೆಯ ಘಾಟು. ಆಗಷ್ಟೇ ನೀರು ಬಿಟ್ಟಿದ್ದರು. ನಾನು ಮೊದಲ ಹೆಜ್ಜೆ ಇಟ್ಟೆ.

ಯಜಮಾನರು ಮುಂದೆ ಹೋಗಲಿಲ್ಲ. ನನ್ನ ಪಾದಗಳನ್ನೇ ನೋಡುತ್ತಾ ನಿಂತರು.

"ಎಂಗದೆ?" ಅಂದರು.

ತೋಟ ಚೆನ್ನಾಗಿದೆ ಎಂದೆ.

"ತ್ವಾಟ ಅಲ್ಲ ಕಣವ್ವ. ಮಣ್ಣು. ಕಾಲ್ಗೆ ಎಂಗದೆ, ಯೋಳು."

ತಂಪಾಗಿದೆ ಎಂದೆ. ಅವರು ಕಣ್ಣು ಮುಚ್ಚಿಕೊಂಡು ಕಾದರು, ಉಪಕೇಂದ್ರದಲ್ಲಿ ಅವತ್ತು ಕಾದಂತೆಯೇ. ಮೇಲೆ ನುಣ್ಣಗಿದೆ, ಒಳಗೆ ಇಳಿದರೆ ಸ್ವಲ್ಪ ಬೆಚ್ಚಗಿದೆ, ಬೆರಳ ಸಂದಿಯಲ್ಲಿ ಮೇಲೇಳುತ್ತದೆ, ಒಂದು ಕಡೆ ಒಣಗಿದ ಎಲೆ ಚುಚ್ಚುತ್ತಿದೆ ಎಂದು ಒಂದೊಂದೇ ಹೇಳಿದೆ.

"ಊಂ," ಅಂದರು ಪ್ರತಿ ಸಲವೂ. "ಊಂ."

ಆಮೇಲೆ ಕಣ್ಣು ತೆರೆದು, "ಕಾಲ್ವೆ ತಾವ್ಕೆ ನಡಿ, ಅಲ್ಲಿ ಇನ್ನೂ ತಂಪಾಗಿರ್ತದೆ," ಅಂದರು. ನಾನು ಮುಂದೆ, ಅವರು ಹಿಂದೆ, ಹೇಳುತ್ತಾ ನಡೆದೆ.